ಲಿನಕ್ಸ್ ಲಾಗಿನ್ ನಿಧಾನವಾ? ಬಾಗಿಲಲ್ಲಿ ನಿಂತವರನ್ನು ಮೊದಲು ಎಣಿಸಿ

ನಮ್ಮ ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇದೆ. 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್, ಅದರಲ್ಲಿ ಲಿನಕ್ಸ್ ಮಿಂಟ್. ಬಳಸುವವರು ಅಪ್ಪ. ಪಾಸ್‌ವರ್ಡ್ ಹಾಕಿ ಎಂಟರ್ ಒತ್ತುತ್ತಾರೆ, ಎದ್ದು ಹೋಗಿ ಗಿಡಕ್ಕೆ ನೀರು ಹಾಕಿ ಬರುತ್ತಾರೆ, ಬಂದು ಕೂತರೂ ಮೆನು ಒತ್ತಿದರೆ ಅದು ತೆರೆಯುವುದಿಲ್ಲ. "ಇದಕ್ಕೆ ವಯಸ್ಸಾಯ್ತು ಕಣೋ, ಹೊಸದೊಂದು ನೋಡು" ಅಂದರು. ನಾನು ಹೊಸದನ್ನು ನೋಡಲಿಲ್ಲ, ಇದನ್ನೇ ಬಿಚ್ಚಿ ನೋಡಿದೆ. ಬಿಚ್ಚಿದ್ದು ಸ್ಕ್ರೂ ಅಲ್ಲ, ಸೆಟ್ಟಿಂಗ್ಸ್. ಲಾಗಿನ್ ಆದ ಕೂಡಲೇ ತಾನಾಗಿ ಶುರುವಾಗುವ ಪ್ರೋಗ್ರಾಂಗಳ ಪಟ್ಟಿಯಲ್ಲಿ 19 ಹೆಸರಿದ್ದವು. ಅಪ್ಪ ಬಳಸುವುದು ಬ್ರೌಸರ್ ಮತ್ತು ಲಿಬ್ರೆ ಆಫೀಸ್, ಅಷ್ಟೇ.

ಬಸ್ ಬಂದು ನಿಂತ ಕೂಡಲೇ 19 ಜನ ಒಟ್ಟಿಗೆ ಒಂದೇ ಬಾಗಿಲಿಗೆ ನುಗ್ಗಿದರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಇಲ್ಲೂ ಅದೇ ಕಥೆ. ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಒಂದು ಸುತ್ತು ಮುಗಿಸಲು ಸುಮಾರು 11 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಒಂದು ಚೂರು ಓದಬೇಕಾದರೆ ಅದರ ಮುಳ್ಳು ಸರಿಯಾದ ಜಾಗಕ್ಕೆ ಸರಿಯಬೇಕು, ಆಮೇಲೆ ಬೇಕಾದ ಭಾಗ ತಿರುಗಿ ಕೆಳಗೆ ಬರುವವರೆಗೆ ಕಾಯಬೇಕು. ಹೀಗೆ ಅಲ್ಲೊಂದು ಇಲ್ಲೊಂದು ಹೆಕ್ಕುವ ಕೆಲಸ ಕೊಟ್ಟರೆ ಸೆಕೆಂಡಿಗೆ ನೂರು ಸಲವೂ ಓದಲು ಆಗುವುದಿಲ್ಲ. ಅಂದರೆ ಬಡಪಾಯಿ ಡಿಸ್ಕ್ ಕೆಲಸಕ್ಕಿಂತ ಜಾಸ್ತಿ ಓಡಾಟವನ್ನೇ ಮಾಡುತ್ತಿರುತ್ತದೆ. ಎಸ್‌ಎಸ್‌ಡಿ ಇದ್ದವರಿಗೆ ಈ ಕಷ್ಟ ಕಡಿಮೆ, ಆದರೆ ರ‍್ಯಾಮ್ ತುಂಬುವ ಕಷ್ಟ ಅವರಿಗೂ ಇದೆ.

ನಾನು ಮಿಂಟ್‌ನ ಸಿನಮನ್ ಡೆಸ್ಕ್‌ಟಾಪ್ ಇಟ್ಟುಕೊಂಡೇ ಹೇಳುತ್ತೇನೆ, ಬೇರೆಯವಕ್ಕೆ ಎಲ್ಲಿ ವ್ಯತ್ಯಾಸವೋ ಅಲ್ಲಿ ತಿಳಿಸುತ್ತೇನೆ. ಕಮಾಂಡ್‌ಗಳನ್ನು ಓದಲು ಸುಲಭ ಅಂತ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು.

ಮೊದಲು ಗಡಿಯಾರ ಹಿಡಿಯಿರಿ

"ಕಂಪ್ಯೂಟರ್ ಶುರುವಾಗೋದು ನಿಧಾನ" ಅನ್ನುವವರಲ್ಲಿ ಎರಡು ಬೇರೆ ಬೇರೆ ಕಾಯಿಲೆಯವರು ಇದ್ದಾರೆ. ಪವರ್ ಬಟನ್ ಒತ್ತಿದಾಗಿನಿಂದ ಪಾಸ್‌ವರ್ಡ್ ಕೇಳುವವರೆಗಿನದು ಒಂದು, ಅದು ಬೂಟ್. ಪಾಸ್‌ವರ್ಡ್ ಹಾಕಿದ ಮೇಲೆ ಮೆನು ಒತ್ತಿದರೆ ತೆರೆಯುವ ಸ್ಥಿತಿಗೆ ಬರುವವರೆಗಿನದು ಇನ್ನೊಂದು, ಇದು ಲಾಗಿನ್. ಸ್ಟಾರ್ಟ್‌ಅಪ್ ಪಟ್ಟಿ ಕತ್ತರಿಸಿದರೆ ಸುಧಾರಿಸುವುದು ಎರಡನೆಯದು ಮಾತ್ರ. ಪಾಸ್‌ವರ್ಡ್ ಕೇಳದೆ ನೇರ ಒಳಗೆ ಬಿಡುವ ಹಾಗೆ ಇಟ್ಟುಕೊಂಡಿದ್ದರೆ ಎರಡೂ ಕಲಸಿಹೋಗಿರುತ್ತವೆ, ಪರೀಕ್ಷೆ ಮುಗಿಯುವವರೆಗಾದರೂ ಪಾಸ್‌ವರ್ಡ್ ಕೇಳುವ ಹಾಗೆ ಬದಲಿಸಿಕೊಳ್ಳಿ.

ಮೊಬೈಲ್‌ನ ಸ್ಟಾಪ್‌ವಾಚ್ ಸಾಕು. ಎಂಟರ್ ಒತ್ತಿದಾಗ ಶುರು ಮಾಡಿ, ಮೆನು ತೆರೆದಾಗ ನಿಲ್ಲಿಸಿ. ವಾಲ್‌ಪೇಪರ್ ಕಂಡಾಗಲೇ ನಿಲ್ಲಿಸಬೇಡಿ, ಅದು ಬರೀ ಪರದೆ, ನಾಟಕ ಇನ್ನೂ ಶುರುವಾಗಿರುವುದಿಲ್ಲ. ಇಲ್ಲೇ ಹೆಚ್ಚಿನವರು ಇನ್ನೊಂದು ತಪ್ಪು ಮಾಡುತ್ತಾರೆ. ಲಾಗ್‌ಔಟ್ ಮಾಡಿ ಮತ್ತೆ ಲಾಗಿನ್ ಆಗಿ "ಅರೆ, ಫಾಸ್ಟ್ ಆಯ್ತಲ್ಲ" ಅನ್ನುತ್ತಾರೆ. ಮೊದಲ ಸಲ ಡಿಸ್ಕಿನಿಂದ ಓದಿದ್ದನ್ನು ಲಿನಕ್ಸ್ ರ‍್ಯಾಮ್‌ನಲ್ಲೇ ಉಳಿಸಿಕೊಂಡಿರುತ್ತದೆ, ಎರಡನೇ ಸಲ ವೇಗವಾಗಿ ಬರುವುದು ಅದಕ್ಕೇ. ಹಾಗಾಗಿ ಪ್ರತಿ ಸಲವೂ ಪೂರ್ತಿ ಆಫ್ ಮಾಡಿ, ಆನ್ ಮಾಡಿ ಅಳೆಯಿರಿ. ಮೂರು ಸಲ ಅಳೆದು ಒಂದು ಚೀಟಿಯಲ್ಲಿ ಬರೆದಿಡಿ. ಅಪ್ಪನ ಲ್ಯಾಪ್‌ಟಾಪ್ ಮೊದಲ ದಿನ 2 ನಿಮಿಷ 10 ಸೆಕೆಂಡ್ ತೆಗೆದುಕೊಂಡಿತ್ತು.

ಪಟ್ಟಿ ತೆರೆಯಿರಿ, ಡಿಲೀಟ್ ಮಾಡಬೇಡಿ

ಮೆನುವಿನಲ್ಲಿ 'ಸ್ಟಾರ್ಟ್‌ಅಪ್ ಅಪ್ಲಿಕೇಶನ್ಸ್' ಅಂತ ಹುಡುಕಿ. ಮಿಂಟ್‌ನಲ್ಲಿ ಪ್ರತಿ ಹೆಸರಿನ ಪಕ್ಕ ಒಂದು ಸ್ವಿಚ್ ಇರುತ್ತದೆ. ಉಬುಂಟುವಿನಲ್ಲೂ ಇದೇ ಹೆಸರಿನ ಕಿಟಕಿ ಇದೆ, ಅಲ್ಲಿ ಸ್ವಿಚ್ ಬದಲು ಟಿಕ್ ಗುರುತು. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಬಳಸುವವರು ಸೆಟ್ಟಿಂಗ್ಸ್‌ನಲ್ಲಿ 'ಸೆಷನ್ ಆ್ಯಂಡ್ ಸ್ಟಾರ್ಟ್‌ಅಪ್' ತೆರೆದು 'ಅಪ್ಲಿಕೇಶನ್ ಆಟೊಸ್ಟಾರ್ಟ್' ಟ್ಯಾಬ್‌ಗೆ ಹೋಗಿ. ಕೆಡಿಇ ಡೆಸ್ಕ್‌ಟಾಪ್‌ನವರು ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ 'ಆಟೊಸ್ಟಾರ್ಟ್' ಹುಡುಕಿ.

ಕೆಳಗೆ ಮೈನಸ್ ಬಟನ್ ಕಾಣುತ್ತೆ. ಅದರ ಹತ್ತಿರ ಹೋಗಬೇಡಿ. ಸ್ವಿಚ್ ಆಫ್ ಮಾಡಿದರೆ ಸಾಕು, ನಾಳೆ ಬೇಕಾದಾಗ ಮತ್ತೆ ಆನ್ ಮಾಡಬಹುದು. ಮತ್ತೊಂದು ಮಾತು, ಒಂದೇ ಸಲಕ್ಕೆ ಎಲ್ಲವನ್ನೂ ಆರಿಸಬೇಡಿ, ಅಂದರೆ ಆಫ್ ಮಾಡಬೇಡಿ. ಎರಡೋ ಮೂರೋ ಆರಿಸಿ, ಒಂದು ದಿನ ಬಳಸಿ ನೋಡಿ, ಆಮೇಲೆ ಮುಂದಿನವು. ಹತ್ತು ಒಟ್ಟಿಗೆ ಆರಿಸಿ, ಆಮೇಲೆ ಸದ್ದು ಬರುತ್ತಿಲ್ಲ ಅಂತಾದರೆ ಹತ್ತರಲ್ಲಿ ಯಾವುದು ಅಂತ ಹುಡುಕುತ್ತಾ ಕೂರಬೇಕಾಗುತ್ತೆ.

ಯಾರು ಇಳಿಯಬೇಕು, ಯಾರು ಇರಬೇಕು

ಧೈರ್ಯವಾಗಿ ಆರಿಸಬಹುದಾದವು ಇವು. ಚಾಟ್ ಆ್ಯಪ್‌ಗಳು, ಗೇಮ್ ಅಂಗಡಿಗಳು, ಹಾಡಿನ ಆ್ಯಪ್‌ಗಳು, ಕ್ಲೌಡ್‌ಗೆ ಫೈಲ್ ಕಳಿಸುವವು, ಇವೆಲ್ಲ ನೀವು ತೆರೆದಾಗ ಶುರುವಾದರೆ ಸಾಕು. ಸುಮಾರು ಚಾಟ್ ಆ್ಯಪ್‌ಗಳ ಒಳಗೆ ಇಡೀ ಒಂದು ಬ್ರೌಸರ್ ಕೂತಿರುತ್ತದೆ, ಪುಟ್ಟ ಐಕಾನ್ ನೋಡಿ ಮೋಸ ಹೋಗಬೇಡಿ. ಇವುಗಳಲ್ಲಿ ಕೆಲವು ಹಠಮಾರಿಗಳು. ಪಟ್ಟಿಯಲ್ಲಿ ಆರಿಸಿದರೂ ಮುಂದಿನ ಸಲ ತೆರೆದಾಗ ತಮ್ಮ ಹೆಸರನ್ನು ತಾವೇ ಮತ್ತೆ ಸೇರಿಸಿಕೊಳ್ಳುತ್ತವೆ. ಅಂಥವನ್ನು ಆ ಆ್ಯಪ್‌ನ ಸೆಟ್ಟಿಂಗ್ಸ್ ಒಳಗೇ ಹೋಗಿ ಆರಿಸಬೇಕು.

ಬ್ಲೂಟೂತ್ ಹೆಡ್‌ಫೋನ್, ಮೌಸ್ ಏನೂ ಇಲ್ಲದಿದ್ದರೆ ಬ್ಲೂಮ್ಯಾನ್ ಬೇಡ. 'ಪ್ರಿಂಟ್ ಕ್ಯೂ ಆ್ಯಪ್ಲೆಟ್' ಬೇಡ, ಅದಿಲ್ಲದಿದ್ದರೂ ಪ್ರಿಂಟ್ ಬರುತ್ತದೆ, ಅದರ ಐಕಾನ್ ಮಾತ್ರ ಕಾಣುವುದಿಲ್ಲ. ಕ್ಯಾಲೆಂಡರ್ ಬಳಸದವರಿಗೆ ಎವೊಲ್ಯೂಶನ್ ಅಲಾರಂ ಯಾಕೆ? ಮನೆಯ ಇನ್ನೊಂದು ಕಂಪ್ಯೂಟರಿಗೆ ಫೈಲ್ ಕಳಿಸುವ ಅಭ್ಯಾಸ ಇಲ್ಲದಿದ್ದರೆ ವಾರ್ಪಿನೇಟರ್ ಕೂಡ ಬೇಡ. ಮಿಂಟ್‌ನ ಸ್ವಾಗತ ಕಿಟಕಿ ಇನ್ನೂ ಬರುತ್ತಿದೆ ಅಂದರೆ ಅದರ ಕೆಳಗಿನ ಟಿಕ್ ತೆಗೆಯಿರಿ. ಅಪ್ಪ ಎರಡು ವರ್ಷದಿಂದ ದಿನಾ ಅದನ್ನು ಮುಚ್ಚುತ್ತಲೇ ಇದ್ದರು, ಒಂದು ಸಲವೂ ಓದಿರಲಿಲ್ಲ.

ಇನ್ನು ಮುಟ್ಟಬಾರದವು. 'ಪಾಲಿಸಿಕಿಟ್' ಅಂತ ಒಂದಿರುತ್ತದೆ, ಹೆಸರು ನೋಡಿದರೆ ಇನ್ಶೂರೆನ್ಸ್ ಏಜೆಂಟರ ಹಾಗಿದೆ. ಆದರೆ ಅಪ್‌ಡೇಟ್ ಹಾಕುವಾಗ ಪಾಸ್‌ವರ್ಡ್ ಕೇಳುವ ಪುಟ್ಟ ಕಿಟಕಿ ಬರುವುದು ಅದರಿಂದಲೇ. ಆರಿಸಿದರೆ ಆ ಕಿಟಕಿಯೇ ಬರುವುದಿಲ್ಲ, ಕೆಲಸವೂ ಆಗುವುದಿಲ್ಲ. 'ಕೀರಿಂಗ್' ಅಂತಿರುವವು ಪಾಸ್‌ವರ್ಡ್‌ಗಳನ್ನು ಕಾಯುವವು, ಇರಲಿ. ಪೈಪ್‌ವೈರ್ ಅಥವಾ ಪಲ್ಸ್ ಆಡಿಯೊ ಇದ್ದರೆ ಸದ್ದು ಅದರ ಕೈಯಲ್ಲಿದೆ. 'ನೆಟ್‌ವರ್ಕ್' ಅಂತಿರುವುದು ವೈಫೈ ಐಕಾನ್. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಬಳಸುವ ಮನೆಯಾದರೆ ಓರ್ಕಾ ಮತ್ತು 'ಎಟಿ-ಎಸ್‌ಪಿಐ' ಅಂತಿರುವುದನ್ನು ಆರಿಸಲೇಬೇಡಿ.

ಕನ್ನಡ ಟೈಪ್ ಮಾಡುವವರು ಇದನ್ನು ಗಮನವಿಟ್ಟು ಓದಿ. ಕಗಪ ಅಥವಾ ಐಟ್ರಾನ್ಸ್ ವಿನ್ಯಾಸವನ್ನು ಐಬಸ್ ಮೂಲಕ ಹಾಕಿಕೊಂಡಿದ್ದರೆ, ಕೀಲಿಮಣೆಯಿಂದ ಕನ್ನಡ ಮೂಡಿಸುವುದು ಹಿನ್ನೆಲೆಯಲ್ಲಿ ಓಡುವ ಆ ಐಬಸ್ಸೇ. ಅದನ್ನು ಆರಿಸಿದರೆ ಭಾಷೆ ಬದಲಿಸುವ ಕೀಲಿ ಎಷ್ಟು ಸಲ ಒತ್ತಿದರೂ ಇಂಗ್ಲಿಷೇ ಬರುತ್ತದೆ. ನಾನು ಉತ್ಸಾಹದಲ್ಲಿ ಆರಿಸಿಬಿಟ್ಟಿದ್ದೆ, ಸಂಜೆ ಅಪ್ಪನಿಂದ ಬೈಗುಳ ಬಿತ್ತು. ಐಬಸ್ ಬದಲು ಎಫ್‌ಸಿಐಟಿಎಕ್ಸ್ ಬಳಸುವವರಿಗೂ ಇದೇ ಮಾತು.

ಆರಿಸಲಾಗದಿದ್ದರೆ ತಡವಾಗಿ ಬರಲಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಉಪಯೋಗದ್ದು ಇದು, ಆದರೂ ಯಾರೂ ಬಳಸುವುದಿಲ್ಲ. ಕೆಲವು ಪ್ರೋಗ್ರಾಂ ಬೇಕು, ಆದರೆ ಈಗಲೇ ಬೇಡ. ಅಪ್‌ಡೇಟ್ ಮ್ಯಾನೇಜರ್ ಅಂಥದ್ದು. ಅದನ್ನು ಆರಿಸಿದರೆ ಸುರಕ್ಷತೆಯ ಅಪ್‌ಡೇಟ್ ಬಂದಿದ್ದೂ ಗೊತ್ತಾಗುವುದಿಲ್ಲ. ಬಿಟ್ಟರೆ ಸರಿಯಾಗಿ ನೀವು ಮೆನು ಒತ್ತುವ ಹೊತ್ತಿಗೇ ಡಿಸ್ಕಿಗೆ ನುಗ್ಗುತ್ತದೆ. ಮಿಂಟ್‌ನಲ್ಲಿ ಆ ಹೆಸರಿನ ಮೇಲೆ ಕ್ಲಿಕ್ ಮಾಡಿ ಪೆನ್ಸಿಲ್ ಚಿತ್ರದ ಬಟನ್ ಒತ್ತಿದರೆ 'ಸ್ಟಾರ್ಟ್‌ಅಪ್ ಡಿಲೇ' ಅಂತ ಒಂದು ಜಾಗ ಕಾಣುತ್ತದೆ, ಅಲ್ಲಿ ಸೆಕೆಂಡ್ ಲೆಕ್ಕ ಕೊಡಬಹುದು. ನಾನು ಅಪ್‌ಡೇಟ್ ಮ್ಯಾನೇಜರ್‌ಗೆ 120 ಕೊಟ್ಟೆ, ಫೈಲ್ ಸಿಂಕ್ ಮಾಡುವುದಕ್ಕೆ 180. ಎಲ್ಲಕ್ಕೂ ಒಂದೇ ಸಂಖ್ಯೆ ಕೊಟ್ಟರೆ ನೂಕುನುಗ್ಗಲು ಎರಡು ನಿಮಿಷ ಮುಂದಕ್ಕೆ ಹೋಗುತ್ತೆ, ಅಷ್ಟೇ. ಒಬ್ಬೊಬ್ಬರಿಗೂ ಬೇರೆ ಬೇರೆ ಸಮಯ ಕೊಡಿ.

ಇಷ್ಟು ಮಾಡುವ ಹೊತ್ತಿಗೆ ಅಪ್ಪನ ಲ್ಯಾಪ್‌ಟಾಪ್ 55 ಸೆಕೆಂಡಿಗೆ ಇಳಿದಿತ್ತು.

ಪಟ್ಟಿಯಲ್ಲಿ ಕಾಣದವರು

ಈ ಪಟ್ಟಿಗಳ ಹಿಂದೆ ಇರುವುದು ಎರಡು ಫೋಲ್ಡರ್. ಒಂದು ಇಡೀ ಕಂಪ್ಯೂಟರಿಗೆ ಸೇರಿದ್ದು. ಇಟಿಸಿ ಒಳಗೆ ಎಕ್ಸ್‌ಡಿಜಿ, ಅದರೊಳಗೆ ಆಟೊಸ್ಟಾರ್ಟ್. ಇನ್ನೊಂದು ನಿಮ್ಮದು. ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಚುಕ್ಕೆ ಕಾನ್ಫಿಗ್, ಅದರೊಳಗೆ ಆಟೊಸ್ಟಾರ್ಟ್. ಚುಕ್ಕೆಯಿಂದ ಶುರುವಾಗುವ ಫೋಲ್ಡರ್ ಕಾಣಬೇಕಾದರೆ ಫೈಲ್ ಕಿಟಕಿಯಲ್ಲಿ ಕಂಟ್ರೋಲ್ ಮತ್ತು ಹೆಚ್ ಒತ್ತಿ. ಎರಡೂ ಕಡೆ ಒಂದೇ ಹೆಸರಿನ ಫೈಲ್ ಇದ್ದರೆ ಗೆಲ್ಲುವುದು ನಿಮ್ಮದು. ಸ್ವಿಚ್ ಒತ್ತಿದಾಗಲೂ ಆಗುವುದು ಇದೇ, ಸಿಸ್ಟಮ್ಮಿನ ಫೈಲನ್ನು ಯಾರೂ ಮುಟ್ಟುವುದಿಲ್ಲ, ನಿಮ್ಮ ಫೋಲ್ಡರ್‌ನಲ್ಲಿ ಅದರ ಪ್ರತಿ ಮಾಡಿ "ಇದು ಬೇಡ" ಅಂತ ಬರೆದಿಡುತ್ತದೆ.

ಉಬುಂಟುವಿನ ಕಿಟಕಿ ಸುಮಾರು ಹೆಸರುಗಳನ್ನು ತೋರಿಸುವುದೇ ಇಲ್ಲ. ಅಂಥದ್ದನ್ನು ಆರಿಸಬೇಕಿದ್ದರೆ ಮೊದಲ ಫೋಲ್ಡರ್‌ನಿಂದ ಆ ಫೈಲನ್ನು ನಿಮ್ಮ ಫೋಲ್ಡರಿಗೆ ಕಾಪಿ ಮಾಡಿ. ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ಕೊನೆಯಲ್ಲಿ ಒಂದು ಹೊಸ ಸಾಲು ಸೇರಿಸಿ: ಹಿಡನ್, ಸಮ ಚಿಹ್ನೆ, ಟ್ರೂ. ನಡುವೆ ಜಾಗ ಬಿಡಬೇಡಿ, ಹಿಡನ್‌ನ ಮೊದಲ ಅಕ್ಷರ ದೊಡ್ಡದು, ಉಳಿದದ್ದೆಲ್ಲ ಸಣ್ಣದು.

ಹಳೆಯ ಸೆಷನ್ ಉಳಿಸುವ ಅಭ್ಯಾಸವನ್ನೂ ನೋಡಿಕೊಳ್ಳಿ. ಎಕ್ಸ್‌ಎಫ್‌ಸಿಇಯಲ್ಲಿ ಲಾಗ್‌ಔಟ್ ಮಾಡುವಾಗ ಸೆಷನ್ ಉಳಿಸಲೇ ಅಂತ ಒಂದು ಟಿಕ್ ಇರುತ್ತೆ. ಒಂದು ದಿನ ಹನ್ನೊಂದು ಕಿಟಕಿ ತೆರೆದಿಟ್ಟು ಅದನ್ನು ಹಾಕಿಬಿಟ್ಟರೆ ಮುಂದಿನ ಸಲ ಹನ್ನೊಂದೂ ತೆರೆದುಕೊಳ್ಳುತ್ತವೆ. ಟಿಕ್ ತೆಗೆಯಿರಿ, 'ಸೇವ್ಡ್ ಸೆಷನ್ಸ್' ಟ್ಯಾಬ್‌ನಲ್ಲಿ ಹಳೆಯದನ್ನು ಅಳಿಸಿ. ಕೆಡಿಇಯಲ್ಲಿ ಖಾಲಿ ಸೆಷನ್‌ನಿಂದ ಶುರು ಮಾಡುವ ಆಯ್ಕೆ ಇದೆ.

ಎಲ್ಲ ಮಾಡಿದರೂ ನಿಧಾನವೇ?

ಹಾಗಾದರೆ ಅದು ಭಾರದ ತೊಂದರೆ ಅಲ್ಲದಿರಬಹುದು, ಯಾರೋ ಯಾರಿಗೋ ಕಾಯುತ್ತಿರಬಹುದು. ಇದನ್ನು ಗುರುತಿಸುವುದು ಸುಲಭ. ಡಿಸ್ಕಿನ ಲೈಟ್ ಮಿನುಗುತ್ತಿಲ್ಲ, ಫ್ಯಾನ್ ಸದ್ದಿಲ್ಲ, ಆದರೂ ಪರದೆ ಖಾಲಿ. ಆಗ ನಿಮ್ಮ ಚೀಟಿ ನೋಡಿ. ಪ್ರತಿ ಸಲವೂ ಸುಮಾರು 25 ಸೆಕೆಂಡ್ ಅಲುಗಾಡದೆ ನಿಲ್ಲುತ್ತಿದ್ದರೆ ಡಿ-ಬಸ್ ಮೇಲೆ ಅನುಮಾನ ಪಡಿ. ಪ್ರೋಗ್ರಾಂಗಳು ತಮ್ಮ ತಮ್ಮಲ್ಲಿ ಮಾತಾಡುವುದು ಅದರ ಮೂಲಕ, ಕೇಳಿದ್ದಕ್ಕೆ ಉತ್ತರ ಬಾರದಿದ್ದರೆ ಸಾಮಾನ್ಯವಾಗಿ 25 ಸೆಕೆಂಡ್ ಕಾದು ಕೈಬಿಡುತ್ತವೆ. ಬೂಟ್ ಆಗುವಾಗಲೇ 1 ನಿಮಿಷ 30 ಸೆಕೆಂಡ್ ನಿಲ್ಲುತ್ತಿದ್ದರೆ ಹೆಚ್ಚಾಗಿ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ, ಅಂದರೆ ಬೂಟ್ ಆಗುವಾಗ ಯಾವ ಡಿಸ್ಕ್ ಜೋಡಿಸಬೇಕು ಅಂತ ಬರೆದಿರುವ ಪಟ್ಟಿಯಲ್ಲಿ, ಈಗ ಇಲ್ಲದ ಡಿಸ್ಕಿನ ಹೆಸರು ಉಳಿದಿರುತ್ತದೆ. ಹಳೆಯ ಡ್ರೈವ್ ತೆಗೆದ ಮನೆಗಳಲ್ಲಿ ಇದು ಮಾಮೂಲು. ಈ ಫೈಲ್ ತಿದ್ದುವ ಮುಂಚೆ ಅದರ ಒಂದು ಪ್ರತಿ ಇಟ್ಟುಕೊಳ್ಳಿ.

ಬೂಟ್ ಭಾಗ ನೋಡಲು ಟರ್ಮಿನಲ್‌ನಲ್ಲಿ 'ಸಿಸ್ಟಮ್‌ಡಿ-ಅನಲೈಜ್' ಅಂತ ಕೊಡಿ. ನಡುವೆ ಅಡ್ಡಗೆರೆ ಇದೆ, ಕೊನೆಯಲ್ಲಿ ಬರುವುದು ಎಸ್-ಇ ಅಲ್ಲ, ಝಡ್-ಇ. ಅದರ ಮುಂದೆ ಜಾಗ ಬಿಟ್ಟು 'ಬ್ಲೇಮ್' ಸೇರಿಸಿದರೆ ಯಾವ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಎಷ್ಟು ಹೊತ್ತು ತೆಗೆದುಕೊಂಡಿತು ಅಂತ ಪಟ್ಟಿ ಬರುತ್ತದೆ. ಹೆಸರು 'ಬ್ಲೇಮ್' ಆದರೂ ಮೇಲಿರುವವರೆಲ್ಲ ತಪ್ಪಿತಸ್ಥರಲ್ಲ. ಅವೆಲ್ಲ ಒಟ್ಟೊಟ್ಟಿಗೆ ಓಡುತ್ತಿರುತ್ತವೆ. 'ಪ್ಲಿಮತ್-ಕ್ವಿಟ್-ವೇಟ್' ಅನ್ನುವುದು ಮೇಲೇ ಕೂತಿರುತ್ತೆ, ಅದು ಬರೀ ಲೋಗೋ ತೆಗೆಯಲು ಕಾದು ನಿಂತಿರುವುದು, ಅದನ್ನು ಬೈದು ಪ್ರಯೋಜನವಿಲ್ಲ. 'ನೆಟ್‌ವರ್ಕ್‌ಮ್ಯಾನೇಜರ್-ವೇಟ್-ಆನ್‌ಲೈನ್' ಮಾತ್ರ, ಬೂಟ್ ಆಗುವಾಗಲೇ ನೆಟ್‌ವರ್ಕ್ ಡ್ರೈವ್ ಜೋಡಿಸದ ಮನೆ ಲ್ಯಾಪ್‌ಟಾಪ್‌ನಲ್ಲಿ ಆರಿಸಬಹುದು. 'ಬ್ಲೇಮ್' ಬದಲು 'ಕ್ರಿಟಿಕಲ್-ಚೈನ್' ಕೊಟ್ಟರೆ ಯಾರು ಯಾರಿಗೆ ಕಾದರು ಅನ್ನುವುದು ಕಾಣುತ್ತದೆ. ನಾನು ಅದನ್ನೇ ಹೆಚ್ಚು ನಂಬುತ್ತೇನೆ.

ಕೈ ತಪ್ಪಿದರೆ

ಏನೋ ಆರಿಸಿ ಡೆಸ್ಕ್‌ಟಾಪೇ ಬಾರದ ಹಾಗಾಯ್ತು ಅಂದುಕೊಳ್ಳಿ. ಗಾಬರಿ ಬೇಡ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ಕಪ್ಪು ಪರದೆಯಲ್ಲಿ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ಟೈಪ್ ಮಾಡುವಾಗ ಚುಕ್ಕೆಯೂ ಕಾಣುವುದಿಲ್ಲ, ಅದು ಹಾಗೇ. ಒಳಗೆ ಬಂದ ಮೇಲೆ 'ಎಂವಿ' ಕಮಾಂಡ್‌ನಿಂದ ನಿಮ್ಮ ಆಟೊಸ್ಟಾರ್ಟ್ ಫೋಲ್ಡರಿನ ಹೆಸರು ಬದಲಿಸಿ, ಆಟೊಸ್ಟಾರ್ಟ್-ಹಳೆಯದು ಅನ್ನುವ ಅರ್ಥ ಬರುವ ಯಾವ ಹೆಸರಾದರೂ ಸರಿ. ಆಮೇಲೆ ರೀಬೂಟ್ ಮಾಡಿ. ನೀವು ಆರಿಸಿದ್ದ ಸಿಸ್ಟಮ್ಮಿನ ಪ್ರೋಗ್ರಾಂಗಳೆಲ್ಲ ಮತ್ತೆ ಆನ್ ಆಗಿರುತ್ತವೆ, ಲಾಗಿನ್ ಮತ್ತೆ ನಿಧಾನವಾಗಿರುತ್ತದೆ. ಈ ಸಲ ಎರಡೆರಡೇ ಆರಿಸುತ್ತಾ ಬನ್ನಿ.