ಮಾವನ ತಲೆಯೂ ಶಾಡೊನ ಕೈವಾರವೂ

ಮಣ್ಣಿನಲ್ಲಿ ನಾನು ಮೊದಲ ಸಲ ಮಾಡಿದ ಮಾವನ ತಲೆಯನ್ನು ನೋಡಿ ಅತ್ತೆ ಕೈಮುಗಿದರು. ತಮಾಷೆಗಲ್ಲ, ಯಾವುದೋ ದೇವರ ಮುಖ ಎಂದುಕೊಂಡಿದ್ದರು.

ತಪ್ಪು ಅವರದಲ್ಲ. ಊರಿನಲ್ಲಿ ನಾನು ಕಲಿತದ್ದು ತಾಳಮಾನದ ಲೆಕ್ಕ, ದೇವರ ವಿಗ್ರಹ ಕೆತ್ತುವವರ ಅಳತೆಶಾಸ್ತ್ರ. ಮುಖವೆಂದರೆ ಒಂದು ತಾಳ, 12 ಅಂಗುಲ. ಕೂದಲಂಚಿನಿಂದ ಹುಬ್ಬಿಗೆ 4, ಅಲ್ಲಿಂದ ಮೂಗಿನ ತುದಿಗೆ 4, ಮೂಗಿನಿಂದ ಗಲ್ಲಕ್ಕೆ 4. ವರ್ಷಗಟ್ಟಲೆ ಕಲ್ಲಿನ ಮೇಲೆ ಇದನ್ನೇ ಗೆರೆ ಹಾಕಿದ ಕೈಗೆ ಮಾವನನ್ನು ಕೊಟ್ಟರೂ ವಿಷ್ಣುವನ್ನೇ ಮಾಡುತ್ತದೆ. ಮುಪ್ಪಿಲ್ಲದ, ಎರಡೂ ಬದಿ ಸರಿಸಮನಾದ, ಯಾರದೂ ಅಲ್ಲದ ಮುಖ.

ಹೆಂಡತಿಯ ಉದ್ಯೋಗದ ಬೆನ್ನು ಹಿಡಿದು ಬರ್ಲಿನ್‌ಗೆ ಬಂದ ಮೇಲೆ ನನ್ನ ಕಣ್ಣು ತೆರೆಸಿದವನು ಶಿಲ್ಪಿ ಯೋಹಾನ್ ಗಾಟ್‌ಫ್ರೀಡ್ ಶಾಡೊ. ಬ್ರಾಂಡೆನ್‌ಬರ್ಗ್ ದ್ವಾರದ ನೆತ್ತಿಯ ನಾಲ್ಕು ಕುದುರೆಗಳ ರಥವನ್ನು ರೂಪಿಸಿದವನು ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. 1806ರಲ್ಲಿ ನೆಪೋಲಿಯನ್ ಪ್ಯಾರಿಸ್‌ಗೆ ಹೊತ್ತೊಯ್ದು, 1814ರಲ್ಲಿ ಮರಳಿ ಬಂದ ರಥ ಅದು. ನನಗೆ ಅದರಲ್ಲಿ ಅಂಥ ಆಸಕ್ತಿಯಿಲ್ಲ. ಅಷ್ಟು ಎತ್ತರದಲ್ಲಿ ಯಾರ ಕುದುರೆಯಾದರೂ ಚೆನ್ನಾಗಿಯೇ ಕಾಣುತ್ತದೆ.

ನಾನು ನಿಂತುಬಿಟ್ಟದ್ದು ಅವನು ಮಾಡಿದ ಇಬ್ಬರು ರಾಜಕುಮಾರಿಯರ ಶಿಲ್ಪದ ಮುಂದೆ. ಲೂಯಿಸ ಮತ್ತು ಫ್ರೀಡೆರಿಕೆ, ಅಕ್ಕತಂಗಿಯರು, ಒಬ್ಬರ ಮೇಲೊಬ್ಬರು ತೋಳು ಹಾಕಿ ನಿಂತಿದ್ದಾರೆ. 2022ರ ಚಳಿಗಾಲದಲ್ಲಿ ಇಲ್ಲಿನ ಆಲ್ಟೆ ನಾಟ್ಸಿಯೊನಾಲ್ ಗ್ಯಾಲರಿಯಲ್ಲಿ 1795ರ ಪ್ಲಾಸ್ಟರ್ ಮೂಲವನ್ನೂ 1797ರ ಅಮೃತಶಿಲೆಯ ಪ್ರತಿಯನ್ನೂ ಒಟ್ಟಿಗೇ ನೋಡಲು ಸಿಕ್ಕಿತು. ನನ್ನ ಮತ ಪ್ಲಾಸ್ಟರಿಗೆ. ಅಮೃತಶಿಲೆಯದು ಮೈ ತೊಳೆದುಕೊಂಡು ಬಂದಂತಿದೆ. ಪ್ಲಾಸ್ಟರಿನಲ್ಲಿ ಮಣ್ಣು ಒತ್ತಿದ ಬೆರಳು ಇನ್ನೂ ಬಿಸಿಯಾಗಿದೆ. ಲೂಯಿಸಳ ಗಲ್ಲದ ಕೆಳಗೆ ಒಂದು ಬಟ್ಟೆ ಸುತ್ತಿದೆ. ಅವಳ ಕತ್ತಿನಲ್ಲಿ ಬಾವು ಇತ್ತು. ಅದನ್ನು ಹಾಗೇ ತೋರಿಸುವಂತಿಲ್ಲ, ಕೆರೆದು ಹಾಕಲು ಮನಸ್ಸಿಲ್ಲ, ಬಟ್ಟೆ ಸುತ್ತಿದ. ಇಷ್ಟಾಗಿಯೂ ಅವಳ ಗಂಡ, ಮುಂದೆ ಪ್ರಶ್ಯದ ರಾಜನಾದ ಮೂರನೆಯ ಫ್ರೀಡ್‌ರಿಷ್ ವಿಲ್‌ಹೆಲ್ಮ್‌ಗೆ ಶಿಲ್ಪ ಹಿಡಿಸಲಿಲ್ಲ. ಎಷ್ಟೋ ಕಾಲ ಅದು ಜನರ ಕಣ್ಣಿಗೇ ಬೀಳಲಿಲ್ಲ.

ಶಾಡೊ ಹುಟ್ಟಿದ್ದು 1764ರಲ್ಲಿ, ಬರ್ಲಿನ್ನಿನ ಒಬ್ಬ ಬಡ ದರ್ಜಿಯ ಮಗನಾಗಿ. ಆಸ್ಥಾನ ಶಿಲ್ಪಿ ತಾಸಾರ್‌ನ ಕೈಕೆಳಗೆ ಪಳಗಿದ. ಗುರು ತನ್ನ ಮಗಳನ್ನು ಕೊಡಲು ಮುಂದಾದರೆ ಇವನು ಇನ್ನೊಬ್ಬಳನ್ನು ಕರೆದುಕೊಂಡು ವಿಯೆನ್ನಾಕ್ಕೆ ಓಡಿಹೋದ. ಹುಡುಗಿಯ ತಂದೆ ಸಿಟ್ಟಾಗುವ ಬದಲು ಇಟಲಿಗೆ ಹೋಗಲು ದುಡ್ಡು ಕೊಟ್ಟನಂತೆ. ಅಂಥ ಮಾವ ಎಲ್ಲರಿಗೂ ಸಿಗುವುದಿಲ್ಲ. ರೋಮ್‌ನಿಂದ ಹಿಂತಿರುಗಿ 1788ರಲ್ಲಿ, 24ನೇ ವಯಸ್ಸಿಗೇ, ತಾಸಾರ್‌ನ ಜಾಗದಲ್ಲಿ ಕುಳಿತ. ದಂಡನಾಯಕ ಸೀಟೆನ್‌ನ ಪ್ರತಿಮೆಗೆ ರೋಮನ್ ನಿಲುವಂಗಿ ಹೊದಿಸದೆ ಅಶ್ವದಳದ ಸಮವಸ್ತ್ರದಲ್ಲೇ, ಕಾಲ ಮೇಲೆ ಕಾಲು ಹೆಣೆದು ಗಲ್ಲಕ್ಕೆ ಕೈಕೊಟ್ಟು ಯೋಚಿಸುವವನಂತೆ ನಿಲ್ಲಿಸಿದ. ಬರ್ಲಿನ್ನಿನ ಕಲೆ ಇದ್ದದ್ದನ್ನು ಇದ್ದಂತೆ ತೋರಿಸುವುದಕ್ಕೇ ಜೋತುಬಿದ್ದಿದೆ ಎಂದು ಕವಿ ಗಯಟೆ ಕುಟುಕಿದಾಗ, 1801ರಲ್ಲಿ ಅಚ್ಚಿನಲ್ಲೇ ತಿರುಗಿ ಉತ್ತರ ಕೊಟ್ಟ. ಕೊನೆಗಾಲದಲ್ಲಿ ಶಿಷ್ಯ ರೌಖ್‌ನ ಹೆಸರು ಮೇಲಾಯಿತು. ಜರ್ಮನ್‌ನಲ್ಲಿ ‘ರೌಖ್’ ಎಂದರೆ ಹೊಗೆ. ನನ್ನ ಕೀರ್ತಿ ಹೊಗೆಯಾಗಿ ಹೋಯಿತು ಎಂದು ಶಾಡೊ ನಕ್ಕನೆಂದು ಹೇಳುತ್ತಾರೆ. ತೀರಿಕೊಂಡದ್ದು 1850ರಲ್ಲಿ.

ನನಗೆ ಬೇಕಾದದ್ದು ಅವನ ಅಳತೆ ಹಿಡಿಯುವ ಕೈವಾರ. ರಾಜಕುಮಾರಿಯರ ಅಳತೆಯನ್ನು ಅವನು ನೇರವಾಗಿ ಅವರಿಂದಲೇ ತೆಗೆದಿದ್ದ. ಮುಪ್ಪಿನಲ್ಲಿ, 1834ರಲ್ಲಿ, ವಯಸ್ಸಿಗೂ ಲಿಂಗಕ್ಕೂ ತಕ್ಕಂತೆ ಮನುಷ್ಯದೇಹದ ಅಳತೆಗಳದೇ ಒಂದು ಪುಸ್ತಕ ತಂದ. ತಾಳಮಾನದ ಅಂಗುಲ ಶಾಸ್ತ್ರದಿಂದ ಮುಖಕ್ಕೆ ಇಳಿಯುತ್ತದೆ. ಇವನ ಕೈವಾರ ಮುಖದಿಂದ ಮಣ್ಣಿಗೆ ಬರುತ್ತದೆ.

ಮಾವ ಮೂರು ತಿಂಗಳಿಗೆಂದು ಬಂದಿದ್ದರು. ದೇವರಾಗಿಹೋದ ಆ ತಲೆಯನ್ನು ಕಲಸಿ ಮತ್ತೆ ಮಣ್ಣು ಮಾಡಿ, ಅವರನ್ನು ಅಡುಗೆಮನೆಯ ಕಿಟಕಿಯ ಬಳಿ ಕೂರಿಸಿದೆ. ಹಲಗೆಗೆ ಕಬ್ಬಿಣದ ಕೊಳವೆ, ಅದರ ಮೇಲೆ ಅಲ್ಯೂಮಿನಿಯಂ ತಂತಿಯ ಬುರುಡೆ. ತಂತಿಯೊಳಗೆ ಅಡ್ಡಪಟ್ಟಿ ಕಟ್ಟಿದ ಮರದ ತುಂಡುಗಳನ್ನು ತೂಗುಬಿಡಬೇಕು. ಮಣ್ಣಿಗೆ ಅದೇ ಹಿಡಿತ. ನಾನು ಸೋಮಾರಿತನ ಮಾಡಿ ಬಿಟ್ಟೆ. ಬೆಳಗಾಗುವಷ್ಟರಲ್ಲಿ ಹಸಿಮಣ್ಣು ಜಾರಿ ಮಾವನ ಗಲ್ಲ ಎದೆಗೆ ತಗಲಿತ್ತು. ಮತ್ತೆ ಮೊದಲಿನಿಂದ.

ಬಾಗಿದ ಕಾಲುಗಳ ಕೈವಾರವನ್ನು ಎರಡು ಕಿವಿಗಳ ರಂಧ್ರದ ಮುಂದೆ ಇಟ್ಟಾಗ ಮಾವ ಕೇಳಿದರು: “ಏನು ಅಳಿಯಂದಿರೇ, ತಲೆಗೂ ಅಂಗಿ ಹೊಲಿಸುತ್ತೀರಾ?” ದರ್ಜಿಯ ಮಗನ ಕಥೆ ಹೇಳಿದೆ. “ಹಾಗಾದರೆ ಸರಿ, ಅಳೆಯಿರಿ” ಎಂದು ಕಣ್ಣು ಮುಚ್ಚಿದರು.

ಮೂಗು, ಕಣ್ಣುಗಳ ಆಸೆ ಮೊದಲು ಬಿಡಬೇಕು. ಕಿವಿಯಿಂದ ಕಿವಿಗೆ ಅಗಲ. ಕಿವಿಯಿಂದ ಗಲ್ಲ, ಕಿವಿಯಿಂದ ಮೂಗಿನ ಬುಡ, ಕಿವಿಯಿಂದ ಹುಬ್ಬುಗಳ ನಡು. ಬಲಗಡೆ ಒಂದು ಸಲ, ಎಡಗಡೆ ಒಂದು ಸಲ. ಪ್ರತಿ ಬಿಂದುವಿಗೂ ಮಣ್ಣಿನಲ್ಲಿ ಬೆಂಕಿಕಡ್ಡಿ ಚುಚ್ಚಿ, ಅಳತೆ ಕೂಡುವವರೆಗೆ ತಳ್ಳುತ್ತಾ ಎಳೆಯುತ್ತಾ ಹೋದೆ. ಮೂರು ದಿನ ಮಾವ ಮುಳ್ಳುಹಂದಿಯಂತಿದ್ದರು. ನಾಲ್ಕನೇ ದಿನ ಕಡ್ಡಿಗಳ ನಡುವೆ ಮಣ್ಣು ತುಂಬುತ್ತಿದ್ದಾಗ ಕೆನ್ನೆಯ ಎಲುಬಿನ ಕೆಳಗೆ ಅವರು ತಟ್ಟನೆ ಬಂದುಬಿಟ್ಟರು. ಕಣ್ಣನ್ನು ನಾನಿನ್ನೂ ಮುಟ್ಟಿರಲಿಲ್ಲ.

ಒಂದು ಅಳತೆ ಮಾತ್ರ ಕೂಡಲೊಲ್ಲದು. ಬಲಗಿವಿ ಎಡಗಿವಿಗಿಂತ ಆರು ಮಿಲಿಮೀಟರ್ ಕೆಳಗೆ ಬರುತ್ತಿತ್ತು. ಕೈ ತಪ್ಪಿತೆಂದು ಮೂರು ಸಲ ಅಳೆದೆ. ಒಳಗಿನ ಹಳೇ ಶಿಲ್ಪಿ ಸಮ ಮಾಡು ಎನ್ನುತ್ತಿದ್ದ. ಮಾಡಲಿಲ್ಲ.

ಅಚ್ಚಿನ ಕೆಲಸದಲ್ಲಿ ಒಂದು ಉಪಾಯ ಹೇಳಲೇಬೇಕು. ಮಣ್ಣಿನ ಮೇಲೆ ಹಾಕುವ ಮೊದಲ ತೆಳು ಪದರದ ಪ್ಲಾಸ್ಟರಿಗೆ ಬಟ್ಟೆಗೆ ಹಾಕುವ ನೀಲಿ ಕಲಸುತ್ತೇವೆ, ಮೇಲಿನ ದಪ್ಪ ಪದರ ಬಿಳಿ. ಅಚ್ಚಿನಿಂದ ಮಣ್ಣು ತೆಗೆದು, ಒಳಗೆ ಸಾಬೂನು ನೀರು ಬಳಿದು, ಪ್ಲಾಸ್ಟರ್ ಸುರಿದು ಗಟ್ಟಿಯಾದ ಮೇಲೆ ಹೊರಗಿನ ಅಚ್ಚನ್ನು ಮೊಂಡು ಉಳಿಯಿಂದ ಒಡೆಯಬೇಕು. ನೀಲಿ ಕಂಡಿತೆಂದರೆ ಕೈ ಹಗುರ ಮಾಡಬೇಕು. ಅದರ ಹಿಂದೆ ಮೂಗಿದೆ. ನಾನು ಎಡಹುಬ್ಬಿನ ಒಂದು ಚೂರು ಹಾರಿಸಿ, ಮತ್ತೆ ಅಂಟಿಸಿದೆ.

ಹೊರಡುವ ಹಿಂದಿನ ರಾತ್ರಿ ಮಾವ ಬಿಳಿ ತಲೆಯ ಮುಂದೆ ನಿಂತು, ತಮ್ಮ ಕನ್ನಡಕ ತೆಗೆದು ಅದಕ್ಕೆ ತೊಡಿಸಿದರು. ಕನ್ನಡಕ ಬಲಕ್ಕೆ ವಾಲಿತು. ಸರಿಪಡಿಸಿದರು, ಮತ್ತೆ ವಾಲಿತು. ನಲವತ್ತು ವರ್ಷ ಅವರು ಫ್ರೇಮು ಸೊಟ್ಟ ಎಂದು ಬೈಯದ ಕನ್ನಡಕದ ಅಂಗಡಿ ಮೈಸೂರಿನಲ್ಲಿ ಉಳಿದಿಲ್ಲ.

“ಇದು ನಿಮ್ಮದೇ ತಲೆ ಬಿಡಿ” ಎಂದರು ಅತ್ತೆ.