ಕೋಲಾರದ ಕೆಮ್ಮಣ್ಣಲ್ಲಿ ಕಾಡು ಗ್ಲಾಡಿಯೋಲಸ್: ನನ್ನ ಅನುಭವ

ಗ್ಲಾಡಿಯೋಲಸ್ ಅಂದ್ರೆ ನಂ ಕಡೆ ಎಲ್ರಿಗೂ ಗೊತ್ತಿರೋದು ಬೊಕೆ ಅಂಗಡೀಲಿ ಸಿಗೋ ಉದ್ದ ಕಡ್ಡಿ, ಮದುವೆ ಸ್ಟೇಜಿಗೆ ಚುಚ್ಚೋದು. ನಾನು ಬೆಳೀತಿರೋದು ಅದಲ್ಲ, ಅದರ ಕಾಡು ಬಂಧುಗಳು. ಕಡ್ಡಿಗೆ ಹೂವೂ ಕಮ್ಮಿ, ಗಾತ್ರಾನೂ ಕಮ್ಮಿ. "ಮಾರ್ಕೆಟ್‌ಗೆ ಹೋಗುತ್ತೇನಣ್ಣ?" ಅಂತ ಕೇಳೋರಿಗೆ ಹೋಗಲ್ಲ ಅಂತ ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ಬೇಜಾರಾಗ್ಬಾರ್ದು ನೋಡಿ.

ನಮ್ದು ಮುಳಬಾಗಿಲು ಕಡೆ, ಬಂಡೆ ಬೆಟ್ಟದ ಬುಡ, ಕೆಂಪು ಗರಸು ಮಣ್ಣು. ಮಳೆ ವರ್ಷಕ್ಕೆ 700 ಮಿ.ಮೀ. ಆಸುಪಾಸು, ಅದರಲ್ಲಿ ಜಾಸ್ತಿ ಬೀಳೋದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಡಿಸೆಂಬರ್ ಬಂದ್ರೆ ಒಣಗು, ಮಾರ್ಚ್ ಬಂದ್ರೆ ಕಾವಲಿ.

ಈ ಗಿಡಗಳ ಬಗ್ಗೆ ಎಲ್ಲಿ ಓದಿದ್ರೂ "ಒಣ ಹವೆಗೆ ಒಗ್ಗುತ್ತೆ" ಅಂತ ಬರೆದಿರ್ತಾರೆ, ಆದ್ರೆ ಒಣ ಅಂದ್ರೆ ಯಾವ ತಿಂಗಳು ಒಣ ಅನ್ನೋದೇ ಇಲ್ಲಿ ಮುಖ್ಯ. ಗ್ಲಾಡಿಯೋಲಸ್‌ನಲ್ಲಿ 250ಕ್ಕೂ ಮೇಲೆ ಜಾತಿ ಇದಾವೆ, ಅರ್ಧಕ್ಕಿಂತ ಜಾಸ್ತಿ ದಕ್ಷಿಣ ಆಫ್ರಿಕಾ ಕಡೇವು. ಕೇಪ್‌ಟೌನ್ ಸುತ್ತಮುತ್ತ ಚಳಿಗಾಲದಲ್ಲಿ ಮಳೆ, ಬೇಸಿಗೆ ಒಣಗು, ಅಲ್ಲಿಯ ಜಾತಿಗಳು ಚಳಿಯೂ ನೀರೂ ಒಟ್ಟಿಗೆ ಬಂದಾಗ ಚಿಗುರಿ ಹೂ ಬಿಟ್ಟು ಬಿಸಿಲು ಹತ್ತಿದ ಕೂಡ್ಲೇ ಗೆಡ್ಡೆಯೊಳಗೆ ಮಲಗಿಬಿಡ್ತವೆ. ಅದೇ ದೇಶದ ಪೂರ್ವಕ್ಕೆ ಹೋದ್ರೆ ಬೇಸಿಗೇಲಿ ಮಳೆ, ಚಳೀಲಿ ಒಣಗು, ಆ ಕಡೆ ಜಾತಿಗೆ ನಮ್ಮ ರಾಗಿ ಕ್ಯಾಲೆಂಡರೇ ಸಾಕು. ಹಂಗಾಗಿ ನಾನು ಗಿಡ ನೋಡೋದಕ್ಕೆ ಮುಂಚೆ ಅದರ ಊರಿನ ಮಳೆ ನೋಡ್ತೀನಿ.

ಮೊದಲು ಕಷ್ಟ ಇಲ್ಲದ್ದು ಹೇಳ್ತೀನಿ. ಡಲೇನಿ ಅಂತ ಒಂದು ಜಾತಿ ಇದೆ, ದಕ್ಷಿಣ ಆಫ್ರಿಕಾದಿಂದ ಹಿಡಿದು ಇಥಿಯೋಪಿಯಾ ದಾಟಿ ಅರೇಬಿಯಾ ಪಶ್ಚಿಮದ ತನಕ ಕಾಡಲ್ಲಿ ಸಿಗುತ್ತೆ. ಬೊಕೆ ಕಡ್ಡಿಗಳ ಮೂಲದಲ್ಲೂ ಇದೇ ಇದೆ, 1841ರಲ್ಲಿ ಬೆಲ್ಜಿಯಂನ ಗೆಂಟ್‌ನಿಂದ ಹೊರಬಂದ ಗಾಂಡಾವೆನ್ಸಿಸ್ ಅನ್ನೋ ಹೈಬ್ರಿಡ್‌ಗೆ ಇದೊಂದು ಪೇರೆಂಟು. ಮೃಗಶಿರಾ ಮಳೆ ಬಿದ್ದು ಮಣ್ಣು ಹದ ಆದಾಗ ನೇರ ನೆಲಕ್ಕೇ ನಾಲ್ಕಿಂಚು ಆಳಕ್ಕೆ ಇಡ್ತೀನಿ, ಗೆಡ್ಡೆ ಕೆಳಗೆ ಒಂದು ಹಿಡಿ ಗರಸು, ಬೇವಿನ ಹಿಂಡಿ ಸ್ವಲ್ಪ, ಹಳೇ ಕೊಟ್ಟಿಗೆ ಗೊಬ್ಬರ ಇನ್ನೂ ಸ್ವಲ್ಪ, ಅಷ್ಟೆ. ಹಸಿ ಗೊಬ್ಬರ ಹಾಕ್ಬೇಡಿ, ಗೆಡ್ಡೆ ಕೊಳೆಯುತ್ತೆ, ಯೂರಿಯಾ ಹಾಕಿದ್ರೆ ಬರೀ ಎಲೆ ಬಂದು ಗಾಳಿಗೆ ಮಲಗುತ್ತೆ. ಒಲೆ ಬೂದಿ ಪರವಾಗಿಲ್ಲ. ಆಮೇಲೆ ಮಳೆ ಕೈಕೊಟ್ಟಾಗ ಮಾತ್ರ ಡ್ರಿಪ್ ಬಿಡ್ತೀನಿ.

ಹೂವು ಕೆಂಪು-ಕಿತ್ತಳೆ, ಗಂಟಲಲ್ಲಿ ಹಳದಿ, ಮೇಲಿನ ಎಸಳು ಕೊಡೆ ಹಿಡಿದಂಗೆ ಮುಂದಕ್ಕೆ ಬಗ್ಗಿರುತ್ತೆ. ಆಫ್ರಿಕಾದಲ್ಲಿ ಇದಕ್ಕೆ ಪರಾಗಸ್ಪರ್ಶ ಮಾಡೋದು ಅಲ್ಲಿನ ಸೂರಕ್ಕಿಗಳು. ನಮ್ಮ ಸೂರಕ್ಕೀಗೆ ಇದನ್ನ ಯಾರು ಹೇಳಿಕೊಟ್ರೋ ಗೊತ್ತಿಲ್ಲ, ಬೆಳಗ್ಗೆ ಬಂದು ಕಡ್ಡಿ ಮೇಲೇ ಕೂತು ಕೆಳಗಿನ ಹೂವಿಂದ ಒಂದೊಂದಾಗಿ ಕೊಕ್ಕು ಹಾಕುತ್ತೆ, ಹೊರಗೆ ಬಂದಾಗ ಹಣೆ ಮೇಲೆ ಪರಾಗದ ಪುಡಿ ಮೆತ್ತಿರುತ್ತೆ, ಅದನ್ನ ಒರೆಸಿಕೊಳ್ಳದೇನೆ ಮುಂದಿನ ಹೂವಿಗೆ. ಎಲೆ ಹಳದಿಗೆ ತಿರುಗಿದ ಮೇಲೆ ನೀರು ಪೂರ್ತಿ ನಿಲ್ಲಿಸ್ತೀನಿ. ಮಳೆ ಜಾಸ್ತಿ ಇರೋ ಊರಲ್ಲಾದ್ರೆ ಗೆಡ್ಡೆ ಕಿತ್ತು ಒಣಗಿಸಿ ಗೋಣಿ ಚೀಲದಲ್ಲಿ ಎತ್ತಿಡ್ಬೇಕು, ನಮಗೆ ಆ ತಾಪತ್ರಯ ಇಲ್ಲ, ಜನವರಿಯಿಂದ ಮೇ ತನಕ ನೆಲಾನೇ ಗೋಣಿಚೀಲ.

ಮುರಿಯೆಲೇ ಅನ್ನೋ ಜಾತಿ ಕೂಡ ಹಿಂಗೇ, ಪೂರ್ವ ಆಫ್ರಿಕಾದ್ದು, ಬಿಳಿ ಹೂವು, ನಡುವೆ ಕಡು ಕೆಂಪು ಮಚ್ಚೆ, ಘಮ ಚೆನ್ನಾಗಿದೆ, ಅಸಿಡಾಂತೆರಾ ಅನ್ನೋ ಹಳೇ ಹೆಸರಲ್ಲೂ ಮಾರ್ತಾರೆ. ಅದಕ್ಕೆ ನೀರು ಡಲೇನಿಗಿಂತ ಜಾಸ್ತಿ ಬೇಕು.

ಈಗ ಕೇಪ್ ಕಡೇವು. ಇವುಗಳ ಕಥೆ ಬೇರೆ, ಇವಕ್ಕೆ ನಮ್ಮ ಬೇಸಿಗೆ ಬಿಸಿಲು ಏನೂ ಮಾಡಲ್ಲ, ಕೊಲ್ಲೋದು ಜೂನ್‌ನಿಂದ ಸೆಪ್ಟೆಂಬರ್ ತನಕದ ಮಳೆ. ಗೆಡ್ಡೆ ಮಲಗಿರೋವಾಗ ಮಣ್ಣು ಬೆಚ್ಚಗೂ ಇದ್ದು ಒದ್ದೆನೂ ಆಯ್ತು ಅಂದ್ರೆ ಫ್ಯುಸೇರಿಯಂ ಅನ್ನೋ ಶಿಲೀಂಧ್ರದ ಕೊಳೆ ಹಿಡಿಯುತ್ತೆ, ಮುಟ್ಟಿದ್ರೆ ಮೆತ್ತಗೆ, ಒಳಗೆ ಕಂದು. ಅದಕ್ಕೇ ಇವು ನೆಲಕ್ಕೆ ಬೇಡ, ಕುಂಡದಲ್ಲೇ ಇರ್ಲಿ. ಕುಂಡ ಆಳ ಇರ್ಬೇಕು, ಒಂದಡಿ ಆದ್ರೂ, ಯಾಕಂದ್ರೆ ಇವುಗಳ ಕೆಲವು ಬೇರು ಕುಗ್ಗಿ ಗೆಡ್ಡೇನ ಕೆಳಕ್ಕೆ ಎಳ್ಕೊಂಡು ಹೋಗ್ತವೆ. ಎರಡಿಂಚಲ್ಲಿ ಇಟ್ಟ ಗೆಡ್ಡೆ ಕುಂಡದ ತೂತಿನ ಹತ್ರ ಸಿಗೋದು ಮಾಮೂಲು. ಮಣ್ಣು ಅರ್ಧ, ಕ್ರಷರ್‌ನ ಸಣ್ಣ ಜಲ್ಲಿ ಪುಡಿ ಜರಡಿ ಹಿಡಿದು ಧೂಳು ತೆಗೆದಿದ್ದು ಅರ್ಧ.

ಮೇ ಕೊನೇಲಿ ಕುಂಡಗಳೆಲ್ಲ ಶೀಟ್ ಕೆಳಗೆ ಹೋಗ್ತವೆ, ಒಂದು ಹನಿ ನೀರಿಲ್ಲ. ಮನೇಲಿ ನಮ್ಮಮ್ಮ ಖಾಲಿ ಕುಂಡ ಅನ್ಕೊಂಡು ಕೊತ್ತಂಬರಿ ಹಾಕಿ ನೀರು ಬಿಟ್ಬಿಡ್ತಾರೆ ಅಂತ ಪ್ರತಿ ಕುಂಡಕ್ಕೂ ಒಂದು ಕೆಂಪು ರಿಬ್ಬನ್ ಕಟ್ಟಿದ್ದೀನಿ. ಚಿತ್ತೆ ಮಳೆ ಕಳೆದು ರಾತ್ರಿ ಚಳಿ ಹತ್ತಿದ ಮೇಲೆ ಹೊರಗೆ ತಂದು ಮೊದಲನೇ ನೀರು. ಅಲ್ಲಿಂದ ಫೆಬ್ರವರಿ ತನಕ ನೀರು ತಪ್ಪಿಸ್ಬಾರ್ದು, ಅದೇ ಅವುಗಳ ಮಳೆಗಾಲ. ನಂ ಬೋರ್ ನೀರು ಗಡಸು, ಕುಂಡದ ಅಂಚಲ್ಲಿ ಬಿಳಿ ಉಪ್ಪು ಕಟ್ಟುತ್ತೆ, ಅದಕ್ಕೆ ಉತ್ತರೆ-ಹಸ್ತ ಮಳೇಲಿ ಛಾವಣಿ ನೀರು ಡ್ರಮ್‌ಗಳಿಗೆ ತುಂಬಿಟ್ಟು ಈ ಕುಂಡಗಳಿಗೆ ಮಾತ್ರ ಹಾಕ್ತೀನಿ.

ಇವುಗಳಲ್ಲಿ ಶುರು ಮಾಡೋರಿಗೆ ಟ್ರಿಸ್ಟಿಸ್ ಅನ್ನೋ ಜಾತಿ ಒಳ್ಳೇದು. ಎಲೆ ಹುಲ್ಲಿನಂಗೆ ಸಣ್ಣಕೆ ಕಾಣುತ್ತೆ, ಆದ್ರೆ ಬೆರಳಲ್ಲಿ ಹಿಡಿದು ಉರುಳಿಸಿದ್ರೆ ಮಂಗರವಳ್ಳಿ ಕಡ್ಡಿ ತರ ನಾಲ್ಕು ಏಣು ಕೈಗೆ ಸಿಗುತ್ತೆ, ಕಳೆ ಅಂತ ಕಿತ್ತು ಹಾಕೋ ಮುಂಚೆ ಹಂಗೆ ಮುಟ್ಟಿ ನೋಡಿ. ಹೂವು ತಿಳಿ ಕೆನೆ ಬಣ್ಣ, ಹಗಲಲ್ಲಿ ಮೂಗು ಇಟ್ರೂ ಏನೂ ಇಲ್ಲ, ಹೊತ್ತು ಮುಳುಗಿದ ಮೇಲೆ ಘಮ ಬಿಡುತ್ತೆ, ರಾತ್ರಿ ಪತಂಗಕ್ಕೆ ಅಂತ ಇರೋ ಹೂವು ಅದು. ಲಿಲಿಯೇಸಿಯಸ್ ಇನ್ನೂ ವಿಚಿತ್ರ, ಹಗಲು ಕಂದು-ಕೆಂಪು, ಸಂಜೆ ಆಗ್ತಾ ನೇರಳೆ ಕಡೆ ತಿರುಗಿ ಲವಂಗದ ವಾಸನೆ ಬಿಡುತ್ತೆ.

ಕಾಟ ಅಂದ್ರೆ ಥ್ರಿಪ್ಸು, ರಸ ಹೀರೋ ಸಣ್ಣ ಹುಳ. ಎಲೆ ಮೇಲೆ ಬೆಳ್ಳಿ ಗೀರು ಬಂತು ಅಂದ್ರೆ ಮೊಗ್ಗಿನೊಳಗೂ ಇದಾವೆ ಅಂತ ಲೆಕ್ಕ, ಬೇವಿನೆಣ್ಣೆ ಸಂಜೆ ಹೊತ್ತು ಹೊಡೀರಿ. ನೆಲದಲ್ಲಿರೋ ಗೆಡ್ಡೆಗೆ ಬೆಟ್ಟದಿಂದ ಮುಳ್ಳುಹಂದಿ ಇಳಿದು ಬರುತ್ತೆ, ಹೆಗ್ಗಣಾನೂ ಸೇರಿಕೊಳ್ಳುತ್ತೆ, ಮೇಲೆ ಕೋಳಿ ಜಾಲರಿ ಹಾಸಿ ಅಂಚಿಗೆ ಕಲ್ಲು ಹೇರಿದ್ರೆ ಚಿಗುರು ಜಾಲರಿ ಸಂದೀಲೇ ಬರುತ್ತೆ, ತೊಂದ್ರೆ ಇಲ್ಲ.

ಹೊರದೇಶದಿಂದ ತರಿಸೋದಾದ್ರೆ ಗೆಡ್ಡೆನೋ ಬೀಜಾನೋ, ಎರಡಕ್ಕೂ ಇಂಪೋರ್ಟ್ ಪರ್ಮಿಟ್ ಮತ್ತೆ ರೋಗ-ಹುಳ ಇಲ್ಲ ಅಂತ ಹೇಳೋ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಬೇಕು, ಕವರ್‌ನಲ್ಲಿ ಸುತ್ತಿ ಕಳಿಸಿ ಅನ್ನೋ ಕೆಲಸ ಬೇಡ. ಇಲ್ಲೇ ಯಾರಾದ್ರೂ ಬೆಳೆದಿರೋರ ಹತ್ರ ಬೀಜ ಕೇಳೋದು ವಾಸಿ. ಬೀಜ ಕಾಗದದಷ್ಟು ತೆಳು, ಸುತ್ತ ರೆಕ್ಕೆ, ಬಿತ್ತೋವಾಗ ಫ್ಯಾನ್ ಆಫ್ ಮಾಡಿ. ಮೊದಲನೇ ವರ್ಷ ಒಂದೆಳೆ ಹುಲ್ಲಷ್ಟೆ ಬರೋದು, ಹೂವಿಗೆ ಎರಡು ಮೂರು ವರ್ಷ ಕಾಯ್ಬೇಕು. ಪಕ್ಕದಲ್ಲಿ ಬೊಕೆ ಹೈಬ್ರಿಡ್ ಹೂ ಬಿಟ್ಟಿದ್ರೆ ಡಲೇನಿ ಬೀಜ ಕಲಬೆರಕೆ ಆಗುತ್ತೆ, ಬೀಜ ಬೇಕಿದ್ರೆ ಆ ಕಡ್ಡಿಗೆ ಸೊಳ್ಳೆಪರದೆ ಬಟ್ಟೆ ಕಟ್ಟಿ ಕೈಯಲ್ಲೇ ಪರಾಗ ಹಚ್ಚಿ, ಬಟ್ಟೆ ಕಟ್ಟಿದ ಮೇಲೆ ಸೂರಕ್ಕಿ ಬರಲ್ಲವಲ್ಲ.