ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ, ಸಮಯ ನಾನು ಲೆಕ್ಕ ಹಾಕುವುದು ಹೀಗೆ

ನಮ್ಮ ಮನೆಯಲ್ಲಿ ಯಾರೇ ಬೇ ಏರಿಯಾಗೆ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಪ್ರದೇಶ) ಹೊರಟರೂ ಟಿಕೆಟ್ ನೋಡುವ ಕೆಲಸ ನನ್ನದೇ. ಎಷ್ಟು ಗಂಟೆ ಆಗುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಬುಕಿಂಗ್ ಸೈಟ್ ತೆರೆಯುವ ಮೊದಲು ನಾನೇ ಒಂದು ಅಂದಾಜು ಮಾಡಿಕೊಳ್ಳುತ್ತೇನೆ.

ಶುರು ಮಾಡುವುದು ಮಕ್ಕಳ ಗ್ಲೋಬ್ ಮತ್ತು ಒಂದು ದಾರದಿಂದ. ಗೋಡೆಯ ಮ್ಯಾಪ್ ನೋಡಿದರೆ ಜಪಾನ್ ಬಳಿಯಿಂದ ಪೆಸಿಫಿಕ್ ದಾಟುವುದೇ ಹತ್ತಿರದ ದಾರಿ ಅನಿಸುತ್ತೆ, ಅಲ್ವಾ? ಗ್ಲೋಬ್ ಮೇಲೆ ದಾರ ಬಿಗಿಯಾಗಿ ಹಿಡಿದರೆ ಅದು ಟಿಬೆಟ್, ಮಂಗೋಲಿಯಾ, ಸೈಬೀರಿಯಾ, ಅಲಾಸ್ಕಾ ಮೇಲೆ ಹಾದುಹೋಗುತ್ತದೆ. ಅಕ್ಷಾಂಶ, ರೇಖಾಂಶ ಎಕ್ಸೆಲ್‌ಗೆ ಹಾಕಿದರೆ ಸುಮಾರು 14,000 ಕಿ.ಮೀ. ಬರುತ್ತದೆ. ಆದರೆ ವಿಮಾನ ದಾರದ ದಾರಿಯಲ್ಲೇ ಹೋಗುವುದಿಲ್ಲ. ಕ್ಯಾಬಿನ್ ಒತ್ತಡ ಕಡಿಮೆಯಾದರೆ ಬೇಗ 10,000 ಅಡಿಗೆ ಇಳಿಯಬೇಕು, ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ.

ಸುಮ್ನೆ ಕುತೂಹಲಕ್ಕೆ, ಸೀದಾ ಉತ್ತರ ಧ್ರುವದ ಮೇಲೇ ಹೋದರೆ ಎಷ್ಟಾಗುತ್ತೆ ಅಂತಲೂ ನೋಡಿದೆ. ಇದಕ್ಕೆ ಸೈನ್, ಕೊಸೈನ್ ಏನೂ ಬೇಡ, ಧ್ರುವದ 90 ಡಿಗ್ರಿಯಿಂದ ಊರಿನ ಅಕ್ಷಾಂಶ ಕಳೆದರೆ ಸಾಕು. ಬೆಂಗಳೂರಿನಿಂದ ಧ್ರುವಕ್ಕೆ 77 ಡಿಗ್ರಿ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 52 ಡಿಗ್ರಿ, ಡಿಗ್ರಿಗೆ 111 ಕಿ.ಮೀ. ಒಟ್ಟು 14,300 ಚಿಲ್ಲರೆ. ಅಂದರೆ ಅರ್ಧ ಗಂಟೆಯೂ ಜಾಸ್ತಿ ಇಲ್ಲ! 2021ರ ಜನವರಿಯಲ್ಲಿ ಈ ಎರಡು ಊರುಗಳ ನಡುವಿನ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಧ್ರುವದ ಮೇಲಿಂದಲೇ ಬೆಂಗಳೂರಿಗೆ ತಂದರು.

ಗಂಟೆಗೆ ನನ್ನ ಸೂತ್ರ ಸರಳ. ವಿಮಾನದ ವೇಗ ಗಂಟೆಗೆ 850 ಕಿ.ಮೀ. ಅಂತ ಇಟ್ಟುಕೊಂಡು ದೂರವನ್ನು ಅದರಿಂದ ಭಾಗಿಸಿ, ಏರುವುದಕ್ಕೆ ಇಳಿಯುವುದಕ್ಕೆ ಅಂತ ಅರ್ಧ ಗಂಟೆ ಸೇರಿಸುತ್ತೇನೆ. 17 ಗಂಟೆ ಸಿಗುತ್ತದೆ. ಜೆಟ್ ಸ್ಟ್ರೀಮ್ (ತುಂಬಾ ಎತ್ತರದಲ್ಲಿ ಜೋರಾಗಿ ಬೀಸುವ ಗಾಳಿ) ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಪೆಸಿಫಿಕ್ ಕಡೆಯಿಂದ ಹೋಗುವಾಗ ಸಮಯ ಉಳಿಯುತ್ತದೆ, ಅದೇ ದಾರಿಯಲ್ಲಿ ವಾಪಸ್ ಬಂದರೆ ಗಾಳಿ ಎದುರಾಗುತ್ತದೆ.

ಜನ ತಲೆ ಕೆಡಿಸಿಕೊಳ್ಳುವುದು ಗಡಿಯಾರದಲ್ಲಿ. ಆ ಮೊದಲ ವಿಮಾನದ ವೇಳಾಪಟ್ಟಿಯನ್ನೇ ನೋಡಿ: ಶನಿವಾರ ರಾತ್ರಿ 8:30ಕ್ಕೆ ಹೊರಟು ಸೋಮವಾರ ಬೆಳಗಿನ ಜಾವ 3:45ಕ್ಕೆ ಇಳಿಯಬೇಕಿತ್ತು. ನೋಡಲು 31 ಗಂಟೆ 15 ನಿಮಿಷ. ಎರಡು ಊರುಗಳ ಗಡಿಯಾರದ ಚಳಿಗಾಲದ ವ್ಯತ್ಯಾಸ 13:30 ಕಳೆದರೆ ಉಳಿಯುವುದು 17:45. ಬೇಸಿಗೆಯಲ್ಲಿ ಅಲ್ಲಿ ಗಡಿಯಾರ ಮುಂದೆ ಹಾಕುತ್ತಾರೆ, ಆಗ 12:30 ಕಳೆಯಬೇಕು.

ನೇರ ವಿಮಾನ ಸಿಗದಿದ್ದರೆ ದುಬೈ ಮೂಲಕ ಸುಮಾರು 15,700 ಕಿ.ಮೀ., ಫ್ರಾಂಕ್‌ಫರ್ಟ್ ಮೂಲಕ 16,500, ಸಿಂಗಾಪುರ ಮೂಲಕ 16,800. ಅಪ್ಪ ಅಮ್ಮನಿಗೆ ನಾನು ಫ್ರಾಂಕ್‌ಫರ್ಟೇ ಆರಿಸುತ್ತೇನೆ. ದುಬೈಯಲ್ಲಿ ದೂರ ಕಡಿಮೆ ನಿಜ, ಆದರೆ ಎರಡನೇ ಹಾರಾಟವೇ 13,000 ಕಿ.ಮೀ., ಮಂಡಿನೋವು ಇರುವವರು ಅಷ್ಟು ಹೊತ್ತು ಕೂರುವುದು ಕಷ್ಟ. ಫ್ರಾಂಕ್‌ಫರ್ಟ್‌ನಲ್ಲಿ ಪ್ರಯಾಣ ಹೆಚ್ಚುಕಮ್ಮಿ ಅರ್ಧಕ್ಕೆ ಮುರಿಯುತ್ತದೆ. ನಡುವೆ ಮೂರು ಗಂಟೆ ಬಿಡುವು ಇಟ್ಟು, ವೀಲ್‌ಚೇರ್‌ಗೆ ಟಿಕೆಟ್ ಮಾಡುವಾಗಲೇ ಹೇಳಿಬಿಡುತ್ತೇನೆ.